ಒಬ್ಬರಿಗೇ ಒಪ್ಪುವ ಅಂಗಿ

ಆಲ್ಟರೇಷನ್ ಅಂಗಡಿಯ ಇಂಚಣ್ಣನ ಪ್ಯಾಂಟು ಹಾಡಹಗಲೇ, ನಡುಬೀದಿಯಲ್ಲಿ, ಹಿಂಭಾಗದ ಹೊಲಿಗೆಯುದ್ದಕ್ಕೂ ಪರ್ರನೆ ಬಿಚ್ಚಿಕೊಂಡಿತು. ವ್ಯಾನಿನಿಂದ ಬಟ್ಟೆಯ ಮೂಟೆ ಇಳಿಸಲು ಬಗ್ಗಿದ್ದೇ ತಪ್ಪಾಯಿತು. ಇಪ್ಪತ್ತು ವರ್ಷದಿಂದ ಊರವರ ಹರಕನ್ನೆಲ್ಲ ಮುಚ್ಚುತ್ತ ಬಂದವನ ಮಾನ ಎದುರಿನ ಔಷಧಿ ಅಂಗಡಿಯವನಿಗೂ, ಬಸ್ಸಿಗೆ ಕಾಯುತ್ತಿದ್ದವರಿಗೂ, ಎಲ್ಲಕ್ಕಿಂತ ಮುಖ್ಯವಾಗಿ ವ್ಯಾನು ಓಡಿಸಿಕೊಂಡು ಬಂದಿದ್ದ ಹೆಂಗಸಿಗೂ ಏಕಕಾಲಕ್ಕೆ ಬಟಾಬಯಲಾಯಿತು.

ಆಕೆ ನಗಲಿಲ್ಲ. ನಕ್ಕಿದ್ದರೆ ಇಂಚಣ್ಣ ಸಿಟ್ಟು ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದ, ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಮೂಟೆಯ ಗಂಟು ಬಿಚ್ಚಿ, ಒಳಗೆ ಕೈಯಾಡಿಸಿ, ಕಂದು ಬಣ್ಣದ ಪ್ಯಾಂಟೊಂದನ್ನು ಎಳೆದು ಕೊಟ್ಟಳು.

"ತಗೊಳ್ಳಿ, ಇದನ್ನ ಹಾಕ್ಕೊಳ್ಳಿ."

"ಯಾರದು ಇದು?" ಎಂದ ಇಂಚಣ್ಣ, ಬೆನ್ನನ್ನು ಗೋಡೆಗೆ ಒತ್ತಿಕೊಂಡು.

"ಯಾರದೂ ಅಲ್ಲ."

"ಅಂದ್ರೆ, ಹೋಗಿಬಿಟ್ಟೋರದಾ?"

"ಗಟ್ಟಿಮುಟ್ಟಾಗಿ ಇರೋರದೇ. ಎಲ್ಲರದ್ದೂ."

ಪಟ್ಟಣದಿಂದ ಆಚೆ, ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಹದಿನೆಂಟು ಜನ ಒಟ್ಟಾಗಿ ಬದುಕುತ್ತಿದ್ದರು. ಕಾರ್ಖಾನೆಯ ಹಳೆಯ ಒಲೆಗಳಲ್ಲಿ ಬ್ರೆಡ್ಡು ಬೇಯಿಸಿ ಮಾರುತ್ತಿದ್ದರು. ಒಂದೇ ಅಡುಗೆ, ಒಂದೇ ಹಣದ ಪೆಟ್ಟಿಗೆ, ಒಂದೇ ಬಟ್ಟೆಯ ಬೀರು. ಒಗೆದ ದಿನ ಬೀರುವಿನಲ್ಲಿ ಕೈಗೆ ಸಿಕ್ಕಿದ್ದು ಆ ವಾರದ ಉಡುಪು. ಹಲ್ಲುಜ್ಜುವ ಬ್ರಷ್ಷು, ಕನ್ನಡಕ, ಒಳಉಡುಪು ಇವಕ್ಕೆ ಮಾತ್ರ ವಿನಾಯಿತಿ; ಕೊನೆಯದಕ್ಕೆ ವಿನಾಯಿತಿ ಕೊಡುವ ಮೊದಲು ದೊಡ್ಡ ವಾಗ್ವಾದವೇ ನಡೆದಿತ್ತಂತೆ. ವ್ಯಾನಿನವಳು ಬ್ರೆಡ್ಡು ಮಾರಲು ಪಟ್ಟಣಕ್ಕೆ ಬಂದಾಗ ಹರಿದದ್ದನ್ನು ಇಂಚಣ್ಣನ ಅಂಗಡಿಗೆ ಹಾಕಿ ಹೋಗುತ್ತಿದ್ದಳು.

ಇಂಚಣ್ಣನಿಗೆ ಆ ಹೆಸರು ಬಂದದ್ದು ಅವನ ಮಾತಿನಿಂದ. ಯಾರು ಏನೇ ಚಿಕ್ಕದು ಮಾಡಲು ತಂದರೂ "ಒಂದಿಂಚು ಒಳಗೆ ಇಟ್ಟಿರ್ತೀನಿ, ಮುಂದೆ ಬೇಕಾಗುತ್ತೆ" ಎನ್ನುತ್ತಿದ್ದ. ಬದುಕನ್ನೂ ಹಾಗೆಯೇ ಒಂದಿಂಚು ಒಳಗೆ ಮಡಿಸಿಟ್ಟುಕೊಂಡು ನಲವತ್ತಮೂರು ವರ್ಷ ಕಳೆದಿದ್ದ. ಅಂಗಡಿಯ ಮೇಲಿನ ಮನೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತಳಾದವಳು. ಎಲ್ಲರ ಮಾತನ್ನೂ ಮಧ್ಯದಲ್ಲೇ ಕತ್ತರಿಸುವ ಅಭ್ಯಾಸವನ್ನು ಮಾತ್ರ ಪಿಂಚಣಿಯ ಜೊತೆ ಮನೆಗೆ ತಂದಿದ್ದಳು.

ಆ ಕಂದು ಪ್ಯಾಂಟನ್ನು ಒಗೆದು ವಾಪಸು ಕೊಟ್ಟರೆ ಮುಗಿಯಿತಲ್ಲ? ಇಂಚಣ್ಣ ಒಗೆದ, ಇಸ್ತ್ರಿ ಮಾಡಿದ, ಮಡಿಸಿದ, ಮತ್ತೆ ಬಿಡಿಸಿ ಇಸ್ತ್ರಿ ಮಾಡಿದ. ಸೂಜಿ ಹಿಡಿದವನನ್ನು ಸೂಜಿಗಲ್ಲು ಹಿಡಿದುಕೊಂಡಿತ್ತು.

"ಲೋ, ಆ ಪ್ಯಾಂಟಿನ ಗೆರೆ ಮೇಲೆ ಈಗ ತರಕಾರಿ ಹೆಚ್ಚಬಹುದು," ಎಂದಳು ಅಕ್ಕ. "ಹೋಗಬೇಕು ಅನ್ನಿಸಿದ್ರೆ ಹೋಗು."

"ಎಲ್ಲಿಗೆ?"

"ಆ ಬಿಸ್ಕತ್ತಿನವರ ಹತ್ರ. ನಂಗೇನು ಗೊತ್ತಾಗಲ್ವಾ? ಆದ್ರೆ ಕೇಳಿಲ್ಲಿ. ನಾನು ರೇಡಿಯೋ ಜೋರು ಹಾಕಿದ್ರೆ ಮುಖ ಊದಿಸ್ಕೊಳ್ತೀಯ. ಅಲ್ಲಿ ಹದಿನೆಂಟು ಜನ. ಸಹಬಾಳ್ವೆ ಅಂದ್ರೆ ಏನು ಅಂದ್ಕೊಂಡೆ? ಸಹಿಸ್ಕೊಳ್ಳೋ ಬಾಳ್ವೆ."

"ಪಟ್ಟಣದ ಗದ್ದಲ ಸಾಕಾಗಿದೆ ಅಕ್ಕ."

"ಗದ್ದಲ ಇಷ್ಟು ದಿನ ಕಿವೀಲಿತ್ತು, ಈಗ ಎದೆಗಿಳಿದಿದೆ, ಅಷ್ಟೇ. ಸ್ವೆಟರ್ ತಗೊಂಡು ಹೋಗು."

ಸ್ವೆಟರನ್ನು ಹೋದ ದಿನವೇ ಬೀರುವಿಗೆ ಸೇರಿಸಬೇಕಾಯಿತು. ಮರುವಾರ ಅದು ಅಲ್ಲಿನ ಬಡಗಿಯ ಮೈಮೇಲೆ ಕಾಣಿಸಿಕೊಂಡು, ಹೊಟ್ಟೆಯ ಹತ್ತಿರ ಶಾಶ್ವತವಾಗಿ ಉಬ್ಬಿಕೊಂಡು ಬಂತು.

ಕೂಡುಮನೆಯ ಹಿರಿಯರೆಂದರೆ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರು ಮೊದಲ ಸಂಜೆಯೇ ನಿಯಮ ವಿವರಿಸಿದರು. ಇಲ್ಲಿ ಒಬ್ಬರಿಗೆಂದು ಏನೂ ಇಲ್ಲ. ಹೊಸಬರು ಮೂರು ತಿಂಗಳು ಎಲ್ಲ ಕೆಲಸವನ್ನೂ ಪಾಳಿಯಂತೆ ಮಾಡಬೇಕು. ಆಮೇಲೆ ಎಲ್ಲರೂ ಕೈ ಎತ್ತಿದರೆ ಉಳಿಯಬಹುದು. ಒಂದು ಕೈ ಏಳದಿದ್ದರೂ ಪಟ್ಟಣದ ಬಸ್ಸು.

ಇಂಚಣ್ಣ ಹಿಟ್ಟು ನಾದಿದ, ಅದು ಅವನನ್ನೇ ನಾದಿತು. ಸೂಪು ಮಾಡಿದ ದಿನ ಎಲ್ಲರೂ ಬಹಳ ಸೌಜನ್ಯದಿಂದ ಬ್ರೆಡ್ಡನ್ನೇ ಹೆಚ್ಚು ತಿಂದರು. ಗಂಡಸರೆಲ್ಲ ಸಾಲಾಗಿ ಮಲಗುವ ಉದ್ದನೆಯ ಕೋಣೆಯಲ್ಲಿ ಬಡಗಿ ಗೊರಕೆ ಆರಂಭಿಸಿದರೆ ಮೇಷ್ಟ್ರು ಮುಂದುವರಿಸುತ್ತಿದ್ದರು. ಅದಕ್ಕೂ ಪಾಳಿ ಇದ್ದಂತಿತ್ತು. ಇಷ್ಟೆಲ್ಲ ಯಾರಿಗಾಗಿಯೋ ಆ ವ್ಯಾನಿನವಳ ಜೊತೆ ಮಾತಾಡಲು ಸಿಕ್ಕ ಸಮಯ ಪಾತ್ರೆ ತೊಳೆಯುವಾಗ ಮಾತ್ರ. ಆಗಲೂ ಇಂಚಣ್ಣ ಮನಸ್ಸು ಬಿಚ್ಚುತ್ತಿರಲಿಲ್ಲ. ಹೊಲಿಯುವುದು ಬಲ್ಲವನಿಗೆ ಬಿಚ್ಚುವುದೂ ಬರುತ್ತದೆಂದು ನಂಬುವ ಹಾಗಿಲ್ಲ.

"ತಟ್ಟೆ ಚೆನ್ನಾಗಿ ತೊಳೀತೀರಿ," ಎಂದ ಒಮ್ಮೆ, ಬಹಳ ಯೋಚಿಸಿ.

"ನೀವು ಒರೆಸೋದೂ ಪರವಾಗಿಲ್ಲ," ಎಂದಳು ಆಕೆ.

ಆ ಮಾತನ್ನು ಅವನು ಒಂದು ವಾರ ಮನಸ್ಸಿನಲ್ಲೇ ಚಪ್ಪರಿಸಿದ.

ಪಕ್ಕದಲ್ಲಿ ನಿಂತು ಒರೆಸುತ್ತಲೇ ಅವನ ಕಣ್ಣಿಗೆ ಒಂದು ವಿಷಯ ಬಿತ್ತು. ಆಕೆಯ ಎಡಭುಜ ಬಲಭುಜಕ್ಕಿಂತ ಒಂದಿಷ್ಟು ತಗ್ಗು. ಬೀರುವಿನ ಯಾವ ಅಂಗಿ ಹಾಕಿದರೂ ಎಡಗಡೆ ಜಾರುತ್ತಿತ್ತು. ಆಕೆ ಸೋಪು ಹತ್ತಿದ ಕೈಯಿಂದಲೇ ಅದನ್ನು ಮೇಲೆಳೆದುಕೊಳ್ಳುತ್ತಿದ್ದಳು. ಮತ್ತೆ ಜಾರುತ್ತಿತ್ತು, ಮತ್ತೆ ಎಳೆಯುತ್ತಿದ್ದಳು. ಬೇರೆಯವರಿಗೆ ಇದು ಕಾಣಿಸಿಯೇ ಇರಲಿಲ್ಲ. ಇಂಚಣ್ಣನಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಯಿತು.

ಅಳತೆಯ ಟೇಪು ಹಿಡಿಯುವ ಪ್ರಶ್ನೆಯೇ ಇರಲಿಲ್ಲ, ಕಣ್ಣಳತೆ ಸಾಕಾಯಿತು. ಹೊಲಿಗೆಯ ಪಾಳಿ ಬಂದ ವಾರ ಹಳೆಯ ನೀಲಿ ಪರದೆಯೊಂದನ್ನು ಕತ್ತರಿಸಿ ಅಂಗಿ ಹೊಲಿದ. ಎಡಭುಜ ತುಸು ಇಳಿಸಿ, ಕಾಲರನ್ನು ಅದಕ್ಕೆ ತಕ್ಕಂತೆ ತಿರುಗಿಸಿ, ಗುಂಡಿಯ ಸಾಲನ್ನು ಕೂದಲೆಳೆಯಷ್ಟು ಸರಿಸಿ, ಬೀರುವಿನಲ್ಲಿಟ್ಟ. ಕೈಗೇ ಕೊಡುವಂತಿರಲಿಲ್ಲ, ಒಬ್ಬರಿಗೆಂದು ಏನೂ ಇಲ್ಲವಲ್ಲ. ಒಗೆದ ದಿನ ಅದು ಆಕೆಯ ಕೈಗೇ ಸಿಗಲಿ ಎಂದು ಹಾರೈಸಿದ.

ಸಿಕ್ಕಿದ್ದು ಬಡಗಿಗೆ. ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರೆ ತಾನು ಒಂದು ಕಡೆಗೆ ವಾಲಿದಂತೆ ಕಂಡಿತು. ಕಾರ್ಯಾಗಾರದ ನೆಲವೇ ಇಳಿಜಾರಾಗಿದೆ ಎಂದುಕೊಂಡು ರಸಮಟ್ಟ ಹಿಡಿದು ಇಡೀ ನೆಲ ಪರೀಕ್ಷಿಸಿದ. ಮರುವಾರ ಅಡುಗೆಯವಳು ತೊಟ್ಟಳು, ಕತ್ತು ಉಳುಕಿದೆಯೆಂದು ದಿಂಬು ಬದಲಿಸಿದಳು. ಮೂರನೆಯ ವಾರ ಮೇಷ್ಟ್ರು. ಅವರು ಕಿಟಕಿಯ ಗಾಜಿನಲ್ಲಿ ತಮ್ಮನ್ನು ನೋಡಿಕೊಂಡು, ಬೆನ್ನುಮೂಳೆ ಬಾಗಿತೆಂದು ಹೆದರಿ, ವ್ಯಾನು ಹತ್ತಿ ಪಟ್ಟಣದ ಡಾಕ್ಟರ ಬಳಿ ಹೋದರು. ಡಾಕ್ಟರು ಅಂಗಿ ಬಿಚ್ಚಿಸಿದರು. ಮೇಷ್ಟ್ರು ನೆಟ್ಟಗಾದರು.

ಮೂರು ತಿಂಗಳು ಮುಗಿದ ಸಂಜೆ ಸಭೆ ಸೇರಿತು. ಇಂಚಣ್ಣನ ವಿಷಯಕ್ಕೆ ಮೊದಲು ಅಂಗಿಯ ವಿಷಯ ಬಂತು. ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಹೊಲಿದೋರು ಯಾರು ಅಂತ ಕೇಳಬೇಕಾಗಿಲ್ಲ. ಕೈ ತಪ್ಪೋದು ಎಲ್ಲರಿಗೂ ಇದ್ದದ್ದೇ. ತಪ್ಪಾಯ್ತು, ಬಿಚ್ಚಿ ಸರಿ ಮಾಡ್ತೀನಿ ಅಂದ್ಬಿಡಿ. ಮುಂದಿನದು ನಿಮ್ಮ ವಿಷಯವೇ, ಸಲೀಸಾಗಿ ಮುಗಿಸೋಣ."

ಸಲೀಸೇ. ತಪ್ಪಾಯ್ತು ಎಂದರೆ ಉಳಿಯಬಹುದು. ದಿನವೂ ಆಕೆ ತೊಳೆದ ತಟ್ಟೆ ಒರೆಸಬಹುದು. ಇಂಚಣ್ಣ ಬಾಯಿ ತೆರೆದ. ಒಳಗಿದ್ದ ಪ್ರೇಮಿ ತಪ್ಪಾಯ್ತು ಎನ್ನಲು ಹೊರಟಿದ್ದ, ದರ್ಜಿ ಅಡ್ಡ ಬಂದ.

"ಹೊಲಿಗೇಲಿ ತಪ್ಪಿಲ್ಲ ಮೇಷ್ಟ್ರೇ."

"ಹಾಗಾದ್ರೆ ಓರೆ ಇರೋದು ನಾವಾ?" ಎಂದ ಬಡಗಿ. "ಇಡೀ ನೆಲ ಅಳೆದಿದ್ದೀನಿ ಕಣಪ್ಪಾ ನಾನು."

"ನಿಮ್ಮ ಮೈಗೆ ಅಂತ ಹೊಲಿದದ್ದಲ್ಲ ಅದು."

"ಮತ್ಯಾರ ಮೈಗೆ?" ಮೇಷ್ಟ್ರ ಹುಬ್ಬು ಮೇಲೇರಿತು. ಈ ಮನೆಯಲ್ಲಿ ಅದಕ್ಕಿಂತ ದೊಡ್ಡ ಆರೋಪವಿರಲಿಲ್ಲ.

ಇಂಚಣ್ಣ ಮೇಜಿನ ಅಂಚಿನ ಉದ್ದವನ್ನು ಮನಸ್ಸಿನಲ್ಲೇ ಅಳೆಯತೊಡಗಿದ.

ವ್ಯಾನಿನವಳು ಎದ್ದು ಬಂದಳು. ಮೇಷ್ಟ್ರ ಬೆರಳುಗಳಿಂದ ಅಂಗಿಯನ್ನು ಬಿಡಿಸಿಕೊಂಡು, ತೊಟ್ಟಿದ್ದರ ಮೇಲೆಯೇ ತೊಟ್ಟು, ಗುಂಡಿ ಹಾಕಿಕೊಂಡಳು. ಅಂಗಿ ಕೂತಿತು. ಅಭ್ಯಾಸಬಲದಿಂದ ಆಕೆಯ ಕೈ ಎಡಭುಜಕ್ಕೆ ಹೋಯಿತು. ಎಳೆಯಲು ಏನೂ ಸಿಗದೆ ಅಲ್ಲೇ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತು ಕೆಳಗಿಳಿಯಿತು.

"ಸದ್ಯ, ನನ್ನ ಕತ್ತು ಸರಿಯಾಗೇ ಇದೆ," ಎಂದಳು ಅಡುಗೆಯವಳು ಮೆಲ್ಲಗೆ.

ಮೇಷ್ಟ್ರು ಬಹಳ ಹೊತ್ತು ಆ ಭುಜವನ್ನೇ ನೋಡಿದರು. ಪರ್ವತಗಳ ಎತ್ತರವನ್ನೆಲ್ಲ ಬಾಯಿಪಾಠ ಮಾಡಿಸಿದ ಅವರಿಗೆ ಒಂಬತ್ತು ವರ್ಷದಿಂದ ಎದುರಿಗೇ ಕೂತು ಉಣ್ಣುತ್ತಿದ್ದವಳ ಈ ತಗ್ಗು ತಿಳಿದಿರಲಿಲ್ಲ. ಕೊನೆಗೆ, "ನಿಯಮ ಮುರಿದಿದೆ, ಅದು ನಿಜ. ಆದ್ರೂ ಇವರು ಇರಲಿ ಅನ್ನೋರು ಕೈ ಎತ್ತಿ," ಎಂದರು.

ಅಡುಗೆಯವಳ ಕೈ ಎದ್ದಿತು. ಸ್ವೆಟರಿನ ತೋಳಲ್ಲಿದ್ದ ಬಡಗಿಯ ಕೈ ಎದ್ದಿತು. ಒಂದೊಂದಾಗಿ ಎಲ್ಲವೂ ಎದ್ದವು, ಮೇಷ್ಟ್ರದೂ. ಏಳದೆ ಉಳಿದದ್ದು ಹೊಸ ಅಂಗಿಯೊಳಗಿನ ಎರಡು ಕೈಗಳು ಮಾತ್ರ.

"ನೀನು ಎತ್ತಲಿಲ್ಲಮ್ಮ," ಎಂದರು ಮೇಷ್ಟ್ರು.

"ಎತ್ತಲ್ಲ."

ಇಂಚಣ್ಣನಿಗೆ ನೆಲ ನಿಜವಾಗಿಯೂ ವಾಲಿದಂತಾಯಿತು.

"ಇವರು ಇಲ್ಲೇ ಉಳಿದ್ರೆ ನಾನೂ ಉಳೀತೀನಿ, ಈ ಅಂಗಿ ನಾಳೆ ಬೀರುಗೆ ಹೋಗುತ್ತೆ," ಎಂದಳು ಆಕೆ. "ಒಂಬತ್ತು ವರ್ಷ ಎಲ್ಲರ ಅಂಗಿ ಹಾಕ್ಕೊಂಡಿದ್ದೀನಿ, ಯಾರ ಮೇಲೂ ಬೇಜಾರಿಲ್ಲ. ಇದನ್ನ ಮಾತ್ರ ಕೊಡಲ್ಲ. ಇವರು ಹೋಗ್ಲಿ, ಜೊತೆಗೆ ನಾನೂ ಹೋಗ್ತೀನಿ. ಬ್ರೆಡ್ಡು ಮಾರೋದು ಹೇಗೂ ಅಲ್ಲೇ ಅಲ್ವಾ? ದಿನಾ ಬೆಳಿಗ್ಗೆ ಬಂದು ತಗೊಂಡ್ಹೋಗ್ತೀನಿ."

ಆಕೆ ಇಂಚಣ್ಣನ ಕಡೆ ತಿರುಗಿದಳು. ಮುಖ ಅಂಗಿಗೆ ಒಪ್ಪದಷ್ಟು ಕೆಂಪಾಗಿತ್ತು.

"ನಿಮ್ಮ ಅಂಗಡಿ ಮೇಲಿನ ಮನೇಲಿ ಇನ್ನೊಬ್ಬರಿಗೆ ಜಾಗ ಇದ್ಯಾ?"

ಹದಿನೇಳು ಜನರ ಕತ್ತು ಇಂಚಣ್ಣನ ಕಡೆ ವಾಲಿತು. ಅಡುಗೆಯವಳು ಸೆರಗಿಲ್ಲದ ಅಂಗಿಯ ತುದಿಯನ್ನೇ ಎತ್ತಿ ಕಣ್ಣಿಗೊತ್ತಿಕೊಂಡಳು. ಇಂಚಣ್ಣ ಆಕೆಯ ಮುಖವನ್ನು ನೋಡಿದ, ಭುಜವನ್ನು ನೋಡಿದ.

"ಅಕ್ಕನ್ನ ಕೇಳಿ ಹೇಳ್ತೀನಿ," ಎಂದ.