ಆ ಮಾಗಿಗೆ ಬಾತು ಬರಲಿಲ್ಲ

ಚಾಮರಾಜನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ನಾನೂ ನನ್ನ ಗೆಳತಿಯೂ ಅಕ್ಕಪಕ್ಕ ಕೂತು ಕೈ ಬೇಯಿಸಿಕೊಂಡವರು. ಅವಳು ಪೇಟೆಯ ಮುಸ್ಲಿಮರ ಮನೆಯವಳು, ನಾನು ಉಮ್ಮತ್ತೂರು ಕಡೆಯಿಂದ ಬಸ್ಸಿಗೆ ಬರುತ್ತಿದ್ದವಳು. ದಿನವೆಲ್ಲ ಕುದಿಯುವ ನೀರು, ಸತ್ತ ಹುಳದ ನಾತ. ರಜೆ ಸಿಕ್ಕರೆ ಅವಳು ನಮ್ಮೂರ ಬಸ್ಸು ಹತ್ತುತ್ತಿದ್ದಳು.

ನಮ್ಮ ಕೆರೆಯಲ್ಲಿ ಒಂದು ನಡುಗಡ್ಡೆ. ಮಾಗಿಯಲ್ಲಿ ನೀರು ಇಳಿದಾಗ ಸೀರೆ ಎತ್ತಿಕೊಂಡು ದಾಟುತ್ತಿದ್ದೆವು. ಅಲ್ಲಿ ಒಂದು ಜಾಲಿಮರ, ಸೆರಗು ನಿಲ್ಲದ ಗಾಳಿ, ಅಷ್ಟೇ. ನಮಗೆ ಬೇಕಿದ್ದದ್ದೂ ಆ ಗಾಳಿಯೇ. ಆಚೆ ತುದಿಯ ಕೆಸರಿನಲ್ಲಿ ಬಾತುಗಳು ಕೂರುತ್ತಿದ್ದವು, ಬಿಳೀ ತಲೆ, ಅದರ ಮೇಲೆ ಎರಡು ಕರೀ ಪಟ್ಟೆ. ಹಿಮಾಲಯದ ಆಚೆಯಿಂದ ಬರುತ್ತವಂತೆ. ನಾವು ಕೂತು ನೋಡುತ್ತಿದ್ದೆವು.

"ಇವ್ಕೆ ರೊಟ್ಟಿ ಆಯ್ತಾ ಅಂತ ಯಾರೂ ಕೇಳಾಕಿಲ್ಲ ಕಣಕ್ಕಾ" ಎಂದಿದ್ದಳು ಒಮ್ಮೆ.

ಶೆಡ್ಡು ಮುಚ್ಚಿತು, ಇಬ್ಬರಿಗೂ ಮೊಮ್ಮಕ್ಕಳಾದವು. ಆದರೂ ಮಾಗಿಗೆ ಹೋಗುವುದು ನಿಲ್ಲಲಿಲ್ಲ.

ಹೋದ ವರ್ಷ ಚಳಿ ಶುರುವಾಗುವಾಗ ಅವಳ ಗಂಡ ಸತ್ತ. ಅಂಥ ಒಳ್ಳೆಯವನೇನಲ್ಲ, ಸತ್ತವನೆಂದು ಸುಮ್ಮನಿದ್ದೇನೆ. ಅವರಲ್ಲಿ ಗಂಡ ಹೋದರೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಇದ್ದತ್ ಅನ್ನುತ್ತಾರೆ. ಬಾತು ಇರುವುದೂ ಆ ನಾಲ್ಕು ತಿಂಗಳೇ.

ಅವಳ ಸೊಸೆ ಫೋನು ಮಾಡಿದಳು. "ಅತ್ತೆ ಊಟಾನೇ ಬಿಟ್ಬುಟ್ಟವ್ರೆ ಅಜ್ಜಿ. ಬಾತು ಬಂದ್ವಾ ಅಂತ ಒಂದೇ ಕೇಳ್ತವ್ರೆ. ನೋಡ್ಕಂಡ್ ಬಂದು ಯೋಳಿ."

ಆ ವರ್ಷ ಪೈಪಿನಲ್ಲಿ ಹೊಳೆ ನೀರು ತಂದು ಕೆರೆ ತುಂಬಿಸಿದ್ದರು. ಊರೆಲ್ಲ ಪೂಜೆ ಮಾಡಿ ಸಿಹಿ ಹಂಚಿತ್ತು, ನಾನೂ ತಿಂದಿದ್ದೆ. ದಾಟುವ ದಾರಿ ಮುಳುಗಿತ್ತು. ಮೀನು ಹಿಡಿಯುವವನ ತೆಪ್ಪ ಕೇಳಿದೆ.

"ಹಕ್ಕಿ ನೋಡಕ್ಕಾ? ಕೋಳಿ ಸಾಕ್ಕೊಳಜ್ಜಿ, ಮನೇಲೇ ನೋಡ್ಬೋದು!"

"ಬಾಯಿ ಮುಚ್ಕಂಡು ಉಟ್ಟು ಆಕ್ಲಾ."

ಗಡ್ಡೆಯಲ್ಲಿ ಜಾಲಿಮರದ ಬುಡದಷ್ಟು ನೆಲ ಮಾತ್ರ ನೀರಿನ ಮೇಲೆ ಉಳಿದಿತ್ತು. ಬಾತು ಕೂರುವ ಕೆಸರೆಲ್ಲ ಆಳದಲ್ಲಿ. ಮರದ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಗಾಳಿ ಮೂಳೆಗೆ ಹೊಕ್ಕಿತು. ಎರಡು ವಾರ ಬಿಟ್ಟು ಮತ್ತೆ ಹೋದೆ. ಆಗಲೂ ಅಷ್ಟೇ.

ಪೇಟೆಗೆ ಹೋದೆ. ಅವಳು ಒಳಕೋಣೆಯ ಮಂಚದ ಮೇಲೆ ಒಣಗಿದ ಕಡ್ಡಿಯ ಹಾಗಿದ್ದಳು.

"ಬಂದ್ವಾ?"

"ಇಲ್ಲ ಕಣಮ್ಮಿ. ನೀರು ತುಂಬಿ ಕೆಸರೇ ಇಲ್ಲ. ಇನ್ಮೇಲೆ ಬರಾಕಿಲ್ಲ."

ಬಾಗಿಲಲ್ಲಿದ್ದ ಸೊಸೆ ನನ್ನನ್ನು ಕೊಲ್ಲುವ ಹಾಗೆ ನೋಡಿದಳು.

"ಬಂದವೆ ಅಂದಿದ್ರೆ ನಿನ್ ಗಂಟೇನ್ ಓಯ್ತಿತ್ತಕ್ಕಾ?" ಎಂದಳು ಮಂಚದಲ್ಲಿದ್ದವಳು.

"ಇದ್ದತ್ ಮುಗಿದ್ಮೇಲೆ ನೋಡಕ್ಕೆ ಬತ್ತಿಯಲ್ಲ, ಆಗೇನ್ ತೋರ್ಸ್ಲಿ?"

"ಬತ್ತೀನಿ ಅಂತ ಯಾರಂದ್ರು?"

ಅಷ್ಟು ದಿನ ಅವಳು ಉಳಿಯದೇ ಇರಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ತಿಂಗಳು ದಾಟಲಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವಳಿಗೆ ಬೇಕಿದ್ದದ್ದು ಆ ಹೊತ್ತಿಗೆ ಒಂದು ಮಾತು.

ಈಗ ಸುಳ್ಳು ಹೇಳಿದರೂ ನಂಬುವಂತಿರಲಿಲ್ಲ. ಅವಳು ಗೋಡೆಯ ಕಡೆ ಹೊರಳಿದಳು. ಕೊನೇ ಬಸ್ಸಿನ ತನಕ ಕೂತಿದ್ದೆ. ಸೊಸೆ ಬಂದು, ಮುಟ್ಟದ ತಟ್ಟೆಯನ್ನು ಎತ್ತಿಕೊಂಡು ಹೋದಳು.