ಬಾಗಿಲಿಗಡ್ಡ ಕೂತ ಪಿನ್ನಕ್ಕ

ಬೀದಿ ಗುಡಿಸುವವರು ಇನ್ನೂ ಈ ಕೊನೆಗೆ ಬಂದಿಲ್ಲ. ಕಂಪ್ಯೂಟರ್ ಅಂಗಡಿಗಳ ಉದ್ದ ಸಾಲಿನಲ್ಲಿ ಒಂದೇ ಒಂದು ಷಟರ್ ಮೇಲೆದ್ದಿದೆ. ಅದರ ಹೊಸ್ತಿಲಲ್ಲೇ, ಬರುವವರಿಗೂ ಹೋಗುವವರಿಗೂ ಅಡ್ಡವಾಗುವಂತೆ, ಒಂದು ಮೇಜು. ಮೇಜಿನ ಹಿಂದೆ ಕೂತ ಹೆಂಗಸು ಮದರ್‌ಬೋರ್ಡ್ ಒಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದುರಿನ ಕಟ್ಟಡಗಳ ಸಂದಿಯನ್ನೇ ನೋಡುತ್ತಿದ್ದಾರೆ. ಬೆಳಗಿನ ಓರೆ ಬಿಸಿಲು ಆ ಸಂದಿಯಿಂದಲೇ ಇಳಿಯಬೇಕು. ಇಳಿಯುತ್ತದೆ. ಬೋರ್ಡಿನ ನಡುವಿನ ಚೌಕದಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಕೂದಲೆಳೆಯಂಥ ಸಾವಿರಕ್ಕೂ ಹೆಚ್ಚು ಪಿನ್ನುಗಳು ಒಟ್ಟಿಗೇ ಮಿಂಚುತ್ತವೆ. ಒಂದು ಮಾತ್ರ ಮಿಂಚುವುದಿಲ್ಲ.

“ಸಿಕ್ಕಿಬಿದ್ದ ಕಳ್ಳ!” ಎನ್ನುತ್ತಾ ಬೋರ್ಡನ್ನು ಮೇಜಿಗಿಳಿಸಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಳ್ಳುತ್ತಾರೆ. ಪೆನ್ಸಿಲ್ ತುದಿಗೆ ಕಟ್ಟಿದ ಹೊಲಿಗೆ ಸೂಜಿ ಕೈಗೆ ಬರುತ್ತದೆ. ಉಸಿರು ಬಿಗಿಹಿಡಿದು, ಬಾಗಿದ ಪಿನ್ನಿನ ಕೆಳಗೆ ಸೂಜಿ ತೂರಿಸಿ, ಒಂಚೂರು ಎತ್ತಿ, ಬಿಟ್ಟು, ಮತ್ತೆ ಒಂಚೂರು ಎತ್ತುತ್ತಾರೆ. ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಹೋದರೆ ಪಿನ್ನು ಮುರಿಯುತ್ತದೆ, ಬೋರ್ಡು ಕಸದ ಬುಟ್ಟಿಗೆ ಹೋಗುತ್ತದೆ. “ಮುನಿಸಿಕೊಂಡು ಮಲಗಿರೋ ಮಗೂನ ಎಬ್ಬಿಸಿದ ಹಾಗೆ ಎಬ್ಬಿಸ್ಬೇಕು ಇದನ್ನ. ರಟ್ಟೆ ಹಿಡಿದು ಎಳೆದ್ರೆ ಕೆಲಸ ಕೆಟ್ಟಿತು,” ಎನ್ನುತ್ತಾರೆ, ತಲೆ ಎತ್ತದೆ.

ಇಡೀ ಸಾಲಿಗೆ ಇವರು ಪಿನ್ನಕ್ಕ. ಪ್ರೊಸೆಸರ್ ಕೂರಿಸುವಾಗ ಅವಸರ ಮಾಡಿ ಪಿನ್ನು ಬಗ್ಗಿಸಿಕೊಂಡ ಅಂಗಡಿಯವರೆಲ್ಲ, ಈ ಅಂಗಡಿಯನ್ನು ಕಂಡರೆ ಆಗದವರೂ ಸೇರಿ, ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನಿಲ್ಲುವುದು ಇವರ ಮುಂದೆಯೇ. ಆದರೆ ಅಂಗಡಿಯ ನಾಮಫಲಕದಲ್ಲಿ, ಜಾಹೀರಾತಿನಲ್ಲಿ, ಬಿಲ್ಲಿನಲ್ಲಿ ಎಲ್ಲಿಯೂ ಇವರ ಸುದ್ದಿಯಿಲ್ಲ.

ಮೊದಲು ಇದೇ ಕಟ್ಟಡದ ಮಹಡಿಯ ಮೇಲೆ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡುತ್ತಿದ್ದರು. ಒಂದು ದಿನ ಕೆಳಗಿನ ಅಂಗಡಿಯ ಯಜಮಾನ ಬೆವರು ಒರೆಸಿಕೊಳ್ಳುತ್ತಾ ಮೇಲೆ ಬಂದು ಚಿಮಟ ಸಾಲ ಕೇಳಿದ. ಯಾಕೆ ಎಂದರೆ, ಪಿನ್ನು ಬಗ್ಗಿದೆ ಎಂದ. “ಚಿಮಟ ಕೊಡಲ್ಲ, ಬೇಕಾದ್ರೆ ನಾನೇ ಬರ್ತೀನಿ ಅಂದೆ. ಹುಬ್ಬಿನ ಕೂದಲು ಒಂದು ತಪ್ಪಿ ಕಿತ್ರೆ ಹೆಂಗಸರು ಸುಮ್ನೆ ಬಿಡ್ತಾರಾ? ಅಂಥವರ ಕೈಯಲ್ಲಿ ಪಳಗಿದವಳಿಗೆ ಈ ಪಿನ್ನು ಯಾವ ಲೆಕ್ಕ!” ಪಾರ್ಲರು ಮುಚ್ಚಿದ ಮೇಲೆ ಕೆಳಗೇ ಉಳಿದುಬಿಟ್ಟರು. ಬಾಗಿಲ ಪಕ್ಕದ ಕಿಟಕಿಗೆ ಮೇಜು ಹಾಕಿಕೊಂಡು ವರ್ಷಗಟ್ಟಲೆ ಕೂತರು.

ಹಾಗಾದರೆ ಕಿಟಕಿ ಬಿಟ್ಟು ಬಾಗಿಲಿಗೇಕೆ ಬಂದರು? ಅದನ್ನು ಹೇಳಹೊರಟರೆ ಮೈಯೆಲ್ಲ ಉರಿಯುತ್ತದೆ. ಈ ಬರಹದಲ್ಲಿ ಯಜಮಾನನಿಗೆ ಬಹುವಚನ ಸಿಗುವುದಿಲ್ಲ. ಬೇಕಿದ್ದರೆ ಕೋಪಿಸಿಕೊಳ್ಳಲಿ.

ಪಿನ್ನುಗಳಿರುವ ಆ ಚೌಕವಿದೆಯಲ್ಲ, ಅದೇ ಸಾಕೆಟ್. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೂರುವ ಪೀಠ. ಪ್ರೊಸೆಸರ್ ಮಾಡುವ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಈ ಪೀಠದ ಅಳತೆಯನ್ನೇ ಬದಲಿಸಿಬಿಡುತ್ತವೆ. ಆಮೇಲೆ ಬರುವ ಪ್ರೊಸೆಸರ್ ಹಳೆಯ ಬೋರ್ಡಿನಲ್ಲಿ ಕೂರುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್ ಕಟ್ಟಿಸುವವರು ಮೊದಲು ಕೇಳಬೇಕಾದದ್ದು ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಬಣ್ಣದ ದೀಪ ಎಷ್ಟು ಉರಿಯುತ್ತದೆ ಎಂದಲ್ಲ, ಈ ಸಾಕೆಟ್ಟಿಗೆ ಮುಂದೆಯೂ ಪ್ರೊಸೆಸರ್ ಬರುತ್ತದೆಯೇ ಎಂದು. ಅದನ್ನು ಯಾರೂ ಕೇಳುವುದಿಲ್ಲ. ಕೇಳದವರ ಮೂಗಿಗೆ ತುಪ್ಪ ಸವರಲೆಂದೇ ಯಜಮಾನ ಮುಗಿದುಹೋದ ಸಾಕೆಟ್ಟಿನ ಬೋರ್ಡುಗಳನ್ನು ಅಗ್ಗಕ್ಕೆ ರಾಶಿ ರಾಶಿ ತಂದು ಒಟ್ಟಿದ್ದ.

ಆದರೆ ಒಬ್ಬಳು ಹುಡುಗಿ ಕೇಳಿಬಿಟ್ಟಳು. ಮನೆಯಲ್ಲೇ ವಿಡಿಯೋ ಎಡಿಟಿಂಗ್ ಶುರು ಮಾಡಬೇಕೆಂದು ಅಕ್ಕನನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. “ಈಗ ಚಿಕ್ಕ ಪ್ರೊಸೆಸರ್ ಸಾಕು ಅಂಕಲ್. ಕೆಲಸ ಸಿಗೋಕೆ ಶುರುವಾದ್ಮೇಲೆ ಇದೇ ಬೋರ್ಡಿಗೆ ಹೊಸದು, ದೊಡ್ಡದು ಹಾಕಿಸ್ಬೋದಲ್ವಾ?”

“ಓಹೋ, ಧಾರಾಳವಾಗಿ! ಯಾವಾಗ ಬೇಕಾದ್ರೂ ಬಾಮ್ಮ, ನಾನೇ ಹಾಕ್ಕೊಡ್ತೀನಿ,” ಎಂದ ಯಜಮಾನ.

ಕಿಟಕಿಯ ಕಡೆಯಿಂದ ಪಿನ್ನಕ್ಕನ ದನಿ ಬಂತು. “ಆಗಲ್ಲಮ್ಮ. ಈ ಸಾಕೆಟ್ಟಿಗೆ ಇನ್ನು ಹೊಸ ಪ್ರೊಸೆಸರ್ ಬರಲ್ಲ. ಇದು ಕೊನೇ ಬಸ್ಸು.”

ಅಕ್ಕ ತಂಗಿ ಇಬ್ಬರೂ ಎದ್ದು ಹೋದರು. ಆಮೇಲೆ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ. ಸುಳ್ಳು ಹೇಳಿದವನು ತಾನು, ಕೂಗಾಡಿದ್ದು ಇವರ ಮೇಲೆ. “ಉಂಡ ಮನೆ ಗಳ ಎಣಿಸ್ತೀಯಾ? ನಿನ್ನ ಕೆಲಸ ಪಿನ್ನು ನೋಡೋದು, ಗಿರಾಕಿ ನೋಡೋದಲ್ಲ!” ಮಾರನೆಯ ದಿನ ಬೆಳಿಗ್ಗೆ ಪಿನ್ನಕ್ಕ ಷಟರ್ ಎತ್ತಿದರೆ ಕಿಟಕಿಯೇ ಇಲ್ಲ. ಮುಗಿದ ಸಾಕೆಟ್ಟಿನ ಬೋರ್ಡುಗಳ ಡಬ್ಬಗಳನ್ನೆಲ್ಲ ತಂದು ಕಿಟಕಿಯ ಚೌಕಟ್ಟು ತುಂಬ ಗೋಡೆ ಕಟ್ಟಿದ್ದ. “ಇಷ್ಟೂ ಮಾರಾಟವಾದ ದಿನ ಕಿಟಕಿ ನಿಂದು. ಬೆಳಕು ಬೇಕಾದ್ರೆ ಬಾಯಿ ಮುಚ್ಚಿಕೊಂಡು ಕೂತ್ಕೊ,” ಎಂದ.

ಥೂ! ಒಬ್ಬರ ಅನ್ನ ಕಸಿಯುವುದಕ್ಕೆ ಎಷ್ಟೊಂದು ದಾರಿಗಳು! ಕೆಲಸದಿಂದ ತೆಗೆಯುವ ಧೈರ್ಯವಿಲ್ಲ, ಏಕೆಂದರೆ ಇವರು ಹೋದರೆ ಇವರನ್ನು ಹುಡುಕಿಕೊಂಡು ಬರುವ ಇಡೀ ಸಾಲೂ ಹೋಗುತ್ತದೆ. ಅದಕ್ಕೇ ಬೆಳಕಿಗೆ ಕೈ ಹಾಕಿದ. ದೊಡ್ಡ ಉಪಕಾರವೆಂಬಂತೆ ಒಂದು ಮೇಜಿನ ದೀಪವನ್ನೂ ತಂದುಕೊಟ್ಟ. “ಆ ದೀಪ ಎಲ್ಲಿಟ್ರೂ ಎಲ್ಲಾ ಪಿನ್ನೂ ಒಂದೇ ಥರ ಹೊಳೆಯುತ್ತೆ. ಇಲ್ಲಾಂದ್ರೆ ನನ್ನ ಕೈ ನೆರಳು ನಂಗೇ ಅಡ್ಡ. ದೂರದಿಂದ ಓರೆಯಾಗಿ ಬರ್ಬೇಕು ಬೆಳಕು. ಅದು ಸೂರ್ಯನಿಗೆ ಗೊತ್ತು, ಯಜಮಾನ್ರಿಗೆ ಗೊತ್ತಿಲ್ಲ,” ಎನ್ನುತ್ತಾರೆ ಪಿನ್ನಕ್ಕ.

ಆ ದೀಪದ ಕೆಳಗೇ, ಹಳೆ ಪುಸ್ತಕದ ಅಂಗಡಿಯವನೊಬ್ಬ ರಿಪೇರಿಗೆ ತಂದ ಬೋರ್ಡಿನ ಒಂದು ಪಿನ್ನು ಮುರಿಯಿತು. ಇವರ ಕೈಯಲ್ಲಿ ಹಾಗೆಂದೂ ಆಗಿರಲಿಲ್ಲ. “ಮೊದಲೇ ಮುರಿದಿತ್ತು ಅಂದ್ಬಿಡು,” ಎಂದು ಯಜಮಾನ ಕಿವಿಯಲ್ಲಿ ಉಸುರಿದ. ಪಿನ್ನಕ್ಕ ಪುಸ್ತಕದವನ ಮುಂದೆ ನಿಂತು, “ನಾನೇ ಮುರಿದೆ ಅಣ್ಣಾ. ಬೆಳಕಿರಲಿಲ್ಲ. ಕಿಟಕಿ ಮುಚ್ಚಿದವರು ಅಗೋ ಅಲ್ಲಿದ್ದಾರೆ,” ಎಂದರು. ಅಷ್ಟಕ್ಕೇ ಬಿಡಲಿಲ್ಲ. ಮುರಿದ ಬೋರ್ಡಿಗೆ ಬದಲಾಗಿ, ಕಿಟಕಿಗೆ ಒಟ್ಟಿದ್ದ ಗೋಡೆಯಿಂದ ಒಂದು ಡಬ್ಬ ಎಳೆದು ಪುಸ್ತಕದವನ ಕೈಗೇ ಕೊಟ್ಟರು. ಅವನ ಹಳೆಯ ಪ್ರೊಸೆಸರಿಗೆ ಸರಿಹೋಗುವ ಸಾಕೆಟ್ ಅದೇ ಆಗಿತ್ತು. ಮುಗಿದ ಸಾಕೆಟ್ಟಿಗೂ ನ್ಯಾಯವಾದ ಗಿರಾಕಿ ಇದ್ದಾನೆ ಎಂದು ಯಜಮಾನನಿಗೆ ಹೊಳೆದೇ ಇರಲಿಲ್ಲ. ಸುಳ್ಳಿನ ರುಚಿ ಹತ್ತಿದವನಿಗೆ ನಿಜದಿಂದಲೂ ವ್ಯಾಪಾರವಾಗುತ್ತದೆ ಎಂದರೆ ತಲೆಗೆ ಹತ್ತುವುದೆಲ್ಲಿಂದ?

ಆದರೆ ಆ ದಿನ ಪಿನ್ನಕ್ಕನಿಗೆ ಮನೆಯಲ್ಲಿ ಊಟ ಸೇರಲಿಲ್ಲ. ಮನೆಯಲ್ಲಿರುವುದು ಇವರು, ಇವರ ಅತ್ತೆ, ಇಬ್ಬರೇ. ಅತ್ತೆಗೆ ಮಂಡಿ ಹಿಡಿದುಕೊಂಡಿದೆ, ನಾಲಿಗೆ ಹಿಡಿದುಕೊಂಡಿಲ್ಲ. ಸೊಸೆ ತಟ್ಟೆ ಸರಿಸಿದ್ದನ್ನು ನೋಡಿ ವಿಷಯ ಕೇಳಿದರು. ಕೇಳಿದ ಮೇಲೆ ಸಮಾಧಾನ ಹೇಳಲಿಲ್ಲ, ಬೈದರು.

“ಅಲ್ವೇ, ಕಾಳು ಆರಿಸೋವಾಗ ನಾನೆಲ್ಲಿ ಕೂತ್ಕೋತೀನಿ?”

“ಹೊಸ್ತಿಲಲ್ಲಿ.”

“ಯಾಕೆ?”

“ಅಲ್ಲಿ ಬೆಳಕು ಚೆನ್ನಾಗಿರುತ್ತೆ ಅತ್ತೆ.”

“ಮತ್ತೆ ನಿಮ್ಮ ಅಂಗಡಿಗೆ ಬಾಗಿಲು ಇಲ್ವಾ? ಅವನು ಕಿಟಕಿ ಮುಚ್ಚಬಹುದು. ಬಾಗಿಲು ಮುಚ್ಚಿ ವ್ಯಾಪಾರ ಮಾಡ್ತಾನಾ? ಏಳು, ಉಣ್ಣು!”

ಮಾರನೆಯ ಬೆಳಿಗ್ಗೆ ಯಜಮಾನ ಬರುವಷ್ಟರಲ್ಲಿ ಮೇಜು ಬಾಗಿಲಿಗೆ ಬಂದಿತ್ತು. “ಒಳಗೆ ತಗೊ,” ಎಂದ. “ಒಳಗೆ ಬೆಳಕೆಲ್ಲಿ?” ಎಂದರು ಪಿನ್ನಕ್ಕ. “ಡಬ್ಬ ಖಾಲಿಯಾಗ್ಲಿ, ಕಿಟಕಿ ಕೊಡ್ತೀನಿ ಅಂದಿದ್ದೀನಲ್ಲ?” “ಆಗ್ಲಿ ಯಜಮಾನ್ರೇ, ಅಲ್ಲೀವರೆಗೂ ಇಲ್ಲೇ ಇರ್ತೀನಿ. ನಂಗೇನೂ ಅವಸರ ಇಲ್ಲ.” ಡೊಳ್ಳುಹೊಟ್ಟೆಯ ಯಜಮಾನ ತನ್ನದೇ ಅಂಗಡಿಗೆ ಪಕ್ಕವಾಗಿ ನುಸುಳಿಕೊಂಡು ಹೋದ. ಸಾಲಿನವರೆಲ್ಲ ಹೊರಗೆ ನಿಂತು ನಕ್ಕರು.

ಈಗ ಒಳಗೆ ಹೋಗುವ ಪ್ರತಿಯೊಬ್ಬರೂ ಪಿನ್ನಕ್ಕನನ್ನು ದಾಟಿಯೇ ಹೋಗಬೇಕು. “ಯಾವ ಕೆಲಸಕ್ಕೆ ಕಂಪ್ಯೂಟರು?” ಎಂದು ಕೇಳುತ್ತಾರೆ. ಬರೀ ಪತ್ರ ಟೈಪು ಮಾಡಲು ಎಂದವರಿಗೆ, “ಹಾಗಾದ್ರೆ ಆ ಕಿಟಕಿ ಡಬ್ಬದ್ದೇ ಸಾಕು. ಆದ್ರೆ ಬೋರ್ಡು ಬದಲಾಯಿಸ್ದೆ ಮುಂದೆ ಹೊಸ ಪ್ರೊಸೆಸರ್ ಹಾಕೋಕ್ಕಾಗಲ್ಲ, ತಿಳ್ಕೊಂಡು ತಗೊಳಿ,” ಎನ್ನುತ್ತಾರೆ. ಮುಂದೆ ದೊಡ್ಡ ಕೆಲಸಕ್ಕೆ ಬೇಕು ಎಂದವರಿಗೆ, “ಮೊದಲು ಸಾಕೆಟ್ ಕೇಳಿ, ಆಮೇಲೆ ಪ್ರೊಸೆಸರ್ ಕೇಳಿ. ದುಡ್ಡು ಕಡಿಮೆ ಇದ್ರೆ ಪ್ರೊಸೆಸರ್ ಚಿಕ್ಕದಿರ್ಲಿ, ಬೋರ್ಡು ಮಾತ್ರ ಹೊಸ ಸಾಕೆಟ್ಟಿಂದೇ ಇರ್ಲಿ,” ಎಂದು ಬೆರಳು ಆಡಿಸಿ ಹೇಳುತ್ತಾರೆ. ಕೆಲವರು ಈಯಮ್ಮನದೇನು ಎಂದು ಮುಖ ತಿರುಗಿಸಿ ಒಳಗೆ ಹೋಗುವುದೂ ಉಂಟು. ಮೋಸ ಹೋಗುವುದಕ್ಕೂ ಹಟ ಬೇಕಲ್ಲ!

ಇವತ್ತು, ಸಾಲಿನ ಅಂಗಡಿಗಳೆಲ್ಲ ತೆರೆದ ಮೇಲೆ, ಆ ವಿಡಿಯೋ ಹುಡುಗಿ ತಿರುಗಿ ಬಂದಿದ್ದಾಳೆ, ಅಕ್ಕನೂ ಜೊತೆಗಿದ್ದಾಳೆ. ಸಾಲಿನ ತುಂಬ ಅಲೆದರೂ ಯಾರೂ ನಿಜ ಹೇಳಿದಂತೆ ಕಾಣಲಿಲ್ಲವಂತೆ. “ಇಲ್ಲಿ ಒಬ್ಬರಾದ್ರೂ ಬೇಡ ಅಂದ್ರಲ್ಲ ಆಂಟೀ, ಅದಕ್ಕೇ ಬಂದ್ವಿ,” ಎನ್ನುತ್ತಾಳೆ. ಪಿನ್ನಕ್ಕ ಅವಳನ್ನು ಮೇಜಿನ ಮುಂದೆಯೇ ಕೂರಿಸಿಕೊಂಡು ಒಳಗೆ ಕೂಗುತ್ತಾರೆ: “ಯಜಮಾನ್ರೇ, ಹೊಸ ಸಾಕೆಟ್ಟಿನ ಬೋರ್ಡು ತರಿಸಿ. ಪ್ರೊಸೆಸರ್ ಚಿಕ್ಕದು. ಈ ಮಗು ಮುಂದಕ್ಕೆ ದೊಡ್ಡದು ಹಾಕಿಸುತ್ತೆ.”

ಯಜಮಾನ ಫೋನು ಮಾಡಿ ಬೋರ್ಡು ಕಳಿಸಲು ಹೇಳುತ್ತಾನೆ. ಆಮೇಲೆ, ಸಾಲಿನವರೆಲ್ಲ ನೋಡುತ್ತಿರುವಂತೆಯೇ, ಏದುಸಿರು ಬಿಡುತ್ತಾ ಕಿಟಕಿಯ ಡಬ್ಬಗಳನ್ನು ಒಂದೊಂದಾಗಿ ಇಳಿಸತೊಡಗುತ್ತಾನೆ. ಕಿಟಕಿಯಲ್ಲಿ ಕೂತ ಪಿನ್ನಕ್ಕನಿಗಿಂತ ಬಾಗಿಲಲ್ಲಿ ಕೂತ ಪಿನ್ನಕ್ಕ ದುಬಾರಿ ಎನ್ನುವುದು ಕೊನೆಗೂ ತಲೆಗೆ ಇಳಿದಿದೆ. ಕೊನೆಯ ಡಬ್ಬ ಇಳಿಸಿ ಕೈ ಕೊಡವುತ್ತಾನೆ. “ಬಾರಮ್ಮ, ನಿನ್ನ ಕಿಟಕಿ ಖಾಲಿ. ಮೇಜು ಒಳಗೆ ಹಾಕ್ಕೊ.”

ಪಿನ್ನಕ್ಕನ ಸೂಜಿ ಒಂದು ಪಿನ್ನಿನ ಕೆಳಗಿದೆ. ಉಸಿರು ನಿಂತಿದೆ. ಹುಡುಗಿಯೂ ಅವಳ ಅಕ್ಕನೂ ಉಸಿರು ಬಿಗಿಹಿಡಿದಿದ್ದಾರೆ, ಯಜಮಾನ ಕಾಯುತ್ತಾನೆ. ಪಿನ್ನು ಎದ್ದು ಸಾಲಿಗೆ ಸೇರಿದ ಮೇಲೆಯೇ ಅವರು ಮಸೂರ ತೆಗೆದು ತಲೆ ಎತ್ತುವುದು.

“ಕಿಟಕಿ ನಿಮಗೇ ಇರ್ಲಿ ಯಜಮಾನ್ರೇ. ಅಲ್ಲಿಂದ ನಂಗೆ ಪಿನ್ನು ಮಾತ್ರ ಕಾಣ್ತಿತ್ತು. ಇಲ್ಲಿಂದ ಬರೋರ ಮುಖಾನೂ ಕಾಣುತ್ತೆ.” ಮತ್ತೆ ಮಸೂರ ಏರಿಸಿಕೊಳ್ಳುತ್ತಾ ಬಾಗಿಲ ಮೇಲೆ ಬರಿದಾಗಿರುವ ಜಾಗದತ್ತ ಗಲ್ಲ ಎತ್ತುತ್ತಾರೆ. “ಮಳೆ ಶುರುವಾಗೋ ಮುಂಚೆ ಇಲ್ಲೊಂದು ತಗಡು ಹೊದಿಸ್ಕೊಡಿ. ಅಷ್ಟು ಸಾಕು ನಂಗೆ.”