ಟೆಂಡರಿಗೂ ಸಂಬಂಧ ನೋಡಿದ ಭಾಗಮ್ಮತ್ತೆ

ನನ್ನ ಸೋದರತ್ತೆ ಭಾಗಮ್ಮ ಬಸವಕಲ್ಯಾಣದಲ್ಲಿ ಗಂಡು-ಹೆಣ್ಣಿನ ಸಂಬಂಧ ಕುದುರಿಸುವವಳು. ಲಗ್ನ ಕೂಡಿದರೆ ಎರಡೂ ಕಡೆಯವರು ಅವಳಿಗೆ ಸೀರೆಯ ಆಹೇರ, ಅಂದರೆ ಉಡುಗೊರೆ, ಮಾಡಲೇಬೇಕು. ಒಂದೇ ಕಡೆಯಿಂದ ಬಂದರೆ, "ಇನ್ನೊಂದು ಕಡಿಯವರ ಮನಸ್ಸಿನ್ಯಾಗ ಏನೋ ಅದ" ಎಂದು ಮುಖ ತಿರುಗಿಸುತ್ತಾಳೆ. ಅವಳದು ಬಾಯಿ ಜೋರು, ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ದಿನಾ ಜಗಳ, ದಿನಾ ರಾಜಿ.

ನಾನೂ ಗೆಳತಿ ಫರ್ಹೀನಳೂ ಸೇರಿ ಒಂದು ಕಂಪ್ಯೂಟರ್ ಅಂಗಡಿ ನಡೆಸುತ್ತೇವೆ. ಕಚೇರಿಗಳಿಗೆ ತಂತ್ರಾಂಶ ಮಾಡಿಕೊಡುವುದು, ಸಲಹೆ ಕೊಡುವುದು, ಸಿಬ್ಬಂದಿಗೆ ಕಲಿಸುವುದು ನಮ್ಮ ಕೆಲಸ. ಫರ್ಹೀನ್ ಇದಕ್ಕಾಗಿ ಶಾಲೆಯ ನೌಕರಿ ಬಿಟ್ಟು ಬಂದವಳು. ಎರಡು ವರ್ಷದ ಹಿಂದೆ ಎರಡು ಸರ್ಕಾರಿ ಟೆಂಡರ್ ಒಟ್ಟಿಗೇ ಬಂದವು. ಒಂದು ನಮ್ಮೂರಿನ ಕಚೇರಿಯದು, ಇನ್ನೊಂದು ಹುಮನಾಬಾದಿನದು. ಇಬ್ಬರಿಂದ ಆಗುವುದು ಒಂದೇ. ಆರಿಸುವುದರಲ್ಲಿ ಎಡವಿದರೆ ಅಂಗಡಿ ಮುಚ್ಚಬೇಕು.

"ಮನಿ ನೋಡದೇ ಹೆಣ್ಣು ಕೊಡತೀರೇನ? ನಡೀರಿ, ನಾನೂ ಬರತೀನಿ" ಎಂದಳು ಅತ್ತೆ.

"ಅತ್ತಿ, ಇದು ಟೆಂಡರ್, ಲಗ್ನ ಅಲ್ಲ" ಎಂದು ನಾನು ಸಿಡುಕಿದೆ.

"ವರ್ಷಗಟ್ಟಲೆ ಅವರ ಜೋಡಿ ಬಾಳುವೆ ಮಾಡಬೇಕೋ ಬ್ಯಾಡೋ?"

ನಮ್ಮೂರಿನ ಕಚೇರಿಯಲ್ಲಿ ಸಾಹೇಬರು ಎದ್ದು ನಿಂತು ಬರಮಾಡಿಕೊಂಡರು. ಚಹಾ, ಬಿಸ್ಕೀಟು, ಖಾರಾ ಬಂದವು. ಏನೇನು ಕೆಲಸ ಎಂದು ಕೇಳಿದರೆ, "ಎಲ್ಲಾ ಆನ್‌ಲೈನ್ ಮಾಡ್ರಿ. ಮುಂದಿಂದು ಮುಂದ ನೋಡೋಣ್ರಿ, ನೀವು ನಮ್ಮ ಮನಿ ಮಂದಿನೇ ಅಲ್ಲೇನ್ರಿ" ಎಂದರು. ನಾನು ಅಲ್ಲೇ ಕರಗಿಹೋದೆ.

ಹುಮನಾಬಾದಿನ ಅಧಿಕಾರಿ ಮನೀಷಾ ಮೇಡಂ ಕುಳಿತುಕೊಳ್ಳಿ ಎನ್ನಲೂ ಇಲ್ಲ. "ಹೋದ ಸಲದವರು ಅರ್ಧಕ್ಕ ಬಿಟ್ಟು ಓಡಿದ್ರು. ಇಲ್ಲಿ ಕರೆಂಟ್ ಇರಂಗಿಲ್ಲ, ಹಳೀ ಕಡತ ಗೆದ್ದಲ ತಿಂದಾವ. ತನ್ನ ಅರ್ಜಿ ಎಲ್ಲಿ ನಿಂತದ ಅಂತ ರೈತಗ ಕಾಣಬೇಕು. ವರ್ಷ ಆದಮ್ಯಾಗ ನೀವಿಲ್ಲದೇ ನಮ್ಮ ಮಂದೀನೇ ನಡಸಬೇಕು. ಇಷ್ಟಾದರ ಸಾಕು. ಆಗತದೋ ಇಲ್ಲೋ ಈಗೇ ಹೇಳ್ರಿ."

ಹೊರಗೆ ಬಂದವಳೇ, "ಈ ಮೇಡಂ ಸಹವಾಸನೇ ಬ್ಯಾಡ!" ಎಂದೆ.

ಅತ್ತೆ ಹಣೆ ಚಚ್ಚಿಕೊಂಡಳು. "ಹುಚ್ಚಿ! ಮೊದಲನೇ ದಿನಾನೇ ತನ್ನ ಮನಿ ಕೊರತಿ ಹೇಳೋ ಬೀಗತಿ ಎಲ್ಲಿ ಸಿಗತಾಳ? ಲಗ್ನಕ್ಕ ಮೊದಲ 'ನಮಗೇನೂ ಬ್ಯಾಡ್ರಿ' ಅಂದವರೇ ಲಗ್ನ ಆದಮ್ಯಾಗ ಒಂದೊಂದೇ ಬೇಡತಾರ."

ಫರ್ಹೀನ್ ನನ್ನ ಕಡೆ ತಿರುಗಿ ನಕ್ಕಳು. "ಖರೇ ಅದ, ಅನುರಾಧಾ. ಟೆಂಡರ್ ಕಾಗದದಾಗೂ ಹಂಗೇ ಅದ. ಇವರು ಕೆಲಸ ಎಲ್ಲಿಗೆ ಮುಗಿತದ ಅಂತ ಬರದಾರ. ನಮ್ಮೂರಿನವರದಕ್ಕ ಮಿತೀನೇ ಇಲ್ಲ." ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ನಾನೊಬ್ಬಳು ಯಾಕೆ ಹಟ ಹಿಡಿಯಲಿ? ಹುಮನಾಬಾದಿಗೇ ಬಿಡ್ ಹಾಕಿದೆವು. ಕೆಲಸ ನಮಗೇ ಸಿಕ್ಕಿತು!

ಮೇಡಂ ವರ್ಷವಿಡೀ ಬೈದರು. ಬೈದದ್ದನ್ನೆಲ್ಲ ನಾವು ಸರಿಮಾಡಿದೆವು. ಆದರೆ ಮೊದಲು ಹೇಳಿದ್ದಕ್ಕಿಂತ ಒಂದು ಕೆಲಸವನ್ನೂ ಅವರು ಹೆಚ್ಚಿಗೆ ಹೇರಲಿಲ್ಲ. ನಮ್ಮ ಸೀರೆ ಅತ್ತೆಗೆ ಎಂದೋ ಸಂದಿತ್ತು. ಅವಳಿಗೆ ಮಾತ್ರ ಸಮಾಧಾನವಿಲ್ಲ. "ಆ ಕಡಿಂದು ಇನ್ನೂ ಬಂದಿಲ್ಲಲ್ಲ?"

"ಸರ್ಕಾರ ಆಹೇರ ಮಾಡತದೇನ ಅತ್ತಿ!" ಎಂದು ನಾನು ಕಾಡುತ್ತಿದ್ದೆ.

ಕೆಲಸ ಒಪ್ಪಿಸಿದ ವಾರ ಮೇಡಂ ನಮ್ಮ ಅಂಗಡಿಗೇ ಬಂದರು. ಅವರ ಸಿಬ್ಬಂದಿ ಎಲ್ಲವನ್ನೂ ತಾವೇ ನಡೆಸತೊಡಗಿದ್ದರು. ಮೇಡಂ ಚೀಲದಿಂದ ಹಸಿರು ಸೀರೆಯೊಂದನ್ನು ತೆಗೆದು ಅತ್ತೆಯ ಕೈಗಿಟ್ಟರು. "ಫರ್ಹೀನ್ ಎಲ್ಲಾ ಹೇಳ್ಯಾಳ್ರಿ ಅಕ್ಕಾ. ಇದು ನನ್ನ ಪಗಾರದ್ದು, ಸರ್ಕಾರದ್ದಲ್ಲ."

ಅತ್ತೆ ಸೀರೆ ಬಿಚ್ಚಿದಳು, ಸೆರಗು ನೋಡಿದಳು. "ಈಗ ಕೂಡಿತು ನೋಡ್ರಿ ಲಗ್ನ. ಆದರ ಅಂಚು ಸ್ವಲ್ಪ ಸಣ್ಣದಾತು, ಬೀಗತಿ!"

ಮೇಡಂ ನಕ್ಕದ್ದನ್ನು ನಾವು ಅಂದೇ ಮೊದಲ ಸಲ ನೋಡಿದ್ದು.